ತಿರುಪಿನಿಂದ ಕೋಷ್ಟಕಕ್ಕೆ: ಸರ್ವೋ ಯಂತ್ರದ ಹೊಂದಾಣಿಕೆಯ ಚರಿತ್ರೆ

೧

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರಗಳ ಬೆಟ್ಟಸಾಲಿಗೆ ಸೇರಿದ ಕುಂದೂರು ಸೀಮೆಯಲ್ಲಿ ಕಾಫಿಯ ಹಣ್ಣು ಕೊಯ್ಲಿಗೆ ಬರುವ ಕಾಲಕ್ಕೆ, ಹಣ್ಣಿನ ತಿರುಳನ್ನು ಬೀಜದಿಂದ ಬಿಡಿಸುವ ಯಂತ್ರಗಳೂ ಕೆಲಸಕ್ಕೆ ತೊಡಗುತ್ತವೆ. ಇಂತಹ ಯಂತ್ರವನ್ನು ತಿರುಗಿಸುವ ಎಣ್ಣೆ ಎಂಜಿನ್ನಿನ ಸದ್ದನ್ನು ಕಿವಿಗೊಟ್ಟು ಕೇಳಿದವರಿಗೆ ಒಂದು ಸಂಗತಿ ತಿಳಿದೀತು. ಹಣ್ಣನ್ನು ಒಮ್ಮೆಲೇ ಸುರಿದಾಗ ಎಂಜಿನ್ನು ಕ್ಷಣಕಾಲ ಕುಗ್ಗಿ, ಯಾರ ಕೈಯೂ ತಗುಲದೆ ಮತ್ತೆ ತನ್ನ ಮೊದಲಿನ ನಡೆಗೆ ಸಮೀಪವಾಗಿ ಬರುತ್ತದೆ. ಹಣ್ಣು ಮುಗಿದಾಗ ಕ್ಷಣಕಾಲ ಮುನ್ನುಗ್ಗಿ ಮತ್ತೆ ತಣಿಯುತ್ತದೆ. ಇದು ಎಂಜಿನ್ನಿನೊಳಗಣ ವೇಗನಿಯಂತ್ರಕದ, ಅಂದರೆ ಗವರ್ನರಿನ, ಕೆಲಸ. ನಿಲ್ಲಬೇಕಾದ ವೇಗವೆಷ್ಟೆಂಬುದನ್ನು ಗೊತ್ತುಮಾಡುವುದು ಒಂದು ಸ್ಪ್ರಿಂಗು ಮತ್ತು ಅದನ್ನು ಬಿಗಿಯುವ ಒಂದು ತಿರುಪು. ತಿರುಪು ಎಷ್ಟು ಸುತ್ತು ಒಳಗೆ ಹೋಗಿದೆಯೆಂಬುದನ್ನು ಯಾರು ಬೇಕಾದರೂ ಕಣ್ಣಿಂದ ಕಾಣಬಹುದು. ಅನುಭವಸ್ಥನಾದ ಮೇಸ್ತ್ರಿಯು ಅದರ ಪಕ್ಕದಲ್ಲಿ ಅರದಿಂದ ಒಂದು ಗೀಟನ್ನು ಎಳೆದಿಟ್ಟರೆ ಆ ಗೀಟೇ ಮುಂದಿನವನಿಗೆ ದಾಖಲೆಯಾಗುತ್ತದೆ.

ಇಂದು ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಯಂತ್ರಮಾನವನ ತೋಳು, ಕಾಲುಗಳನ್ನು ಆಡಿಸುವ ಸ್ಮಾರ್ಟ್ ಸರ್ವೋ ಮೋಟಾರುಗಳು ಕಾಣಬರುತ್ತವೆ. ಇವು ಮೇಲೆ ಹೇಳಿದ ಗವರ್ನರಿನ ವಂಶಕ್ಕೇ ಸೇರಿದವು. ಆದರೆ ಇವುಗಳಲ್ಲಿ ತಿರುಪಿಲ್ಲ, ಗೀಟಿಲ್ಲ. ಇವುಗಳ ಹೊಂದಾಣಿಕೆಯೆಲ್ಲ ಮೋಟಾರಿನ ಒಡಲೊಳಗಣ ಸ್ಮೃತಿಕೋಶದಲ್ಲಿ ಅಂಕಿಗಳಾಗಿ ಅಡಗಿದ್ದು, ಮೇಜಿನ ಮೇಲಿನ ಗಣಕಯಂತ್ರದಲ್ಲಿ ನಡೆಯುವ ಒಂದು ತಂತ್ರಾಂಶದ ಮೂಲಕವೇ ಓದಲ್ಪಡುತ್ತವೆ, ತಿದ್ದಲ್ಪಡುತ್ತವೆ. ತಿರುಪಿನಿಂದ ಕೋಷ್ಟಕಕ್ಕೆ ಆದ ಈ ಪಯಣವನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರಿಂದ ನಾವು ಗಳಿಸಿದುದೇನು, ಕಳೆದುಕೊಂಡುದೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೨

ಗವರ್ನರನ್ನು ಜೇಮ್ಸ್ ವಾಟನು ಕಂಡುಹಿಡಿದನೆಂಬ ಮಾತು ರೂಢಿಯಲ್ಲಿದೆ. ಇದು ಪೂರ್ತಿ ಸರಿಯಲ್ಲ. ತಿರುಗುವ ಗುಂಡುಗಳು ವೇಗಕ್ಕೆ ತಕ್ಕಂತೆ ಮೇಲೇಳುವ ಉಪಾಯವು ಇಂಗ್ಲೆಂಡಿನ ಹಿಟ್ಟಿನ ಗಿರಣಿಗಳಲ್ಲಿ ಮೊದಲೇ ಬಳಕೆಯಲ್ಲಿತ್ತು. ವಾಟನು ೧೭೮೮ರಲ್ಲಿ ಅದನ್ನು ಆವಿಯಂತ್ರಕ್ಕೆ ಅಳವಡಿಸಿದನು. ವೇಗ ಹೆಚ್ಚಿದರೆ ಗುಂಡುಗಳು ಮೇಲೆದ್ದು ಆವಿಯ ದ್ವಾರವನ್ನು ಕಿರಿದುಗೊಳಿಸುವುವು, ವೇಗ ತಗ್ಗಿದರೆ ಇಳಿದು ಅದನ್ನು ಹಿರಿದುಗೊಳಿಸುವುವು. ಫಲವು ಹಿಂದಿರುಗಿ ಬಂದು ಕಾರಣವನ್ನು ತಿದ್ದುವ ಈ ಕ್ರಮಕ್ಕೆ ಇಂದು ಹಿಮ್ಮಾಹಿತಿ ಎಂದು ಹೆಸರು.

ಇಂತಹ ಯಂತ್ರಗಳು ಕೆಲವೊಮ್ಮೆ ನೆಲೆಗೊಳ್ಳದೆ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿದ್ದುದು ಅಂದಿನ ಶಿಲ್ಪಿಗಳಿಗೆ ದೊಡ್ಡ ತೊಡಕಾಗಿತ್ತು. ಇದರ ಗಣಿತವನ್ನು ೧೮೬೮ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು ಗವರ್ನರುಗಳನ್ನು ಕುರಿತ ತನ್ನ ಲೇಖನದಲ್ಲಿ ವಿವೇಚಿಸಿದನು. ತಪ್ಪಿನ ಪ್ರಮಾಣಕ್ಕೆ ತಕ್ಕಷ್ಟು ಮಾತ್ರ ತಿದ್ದುವ ಯಂತ್ರವನ್ನೂ, ಉಳಿದ ತಪ್ಪು ಸೊನ್ನೆಯಾಗುವವರೆಗೆ ತಿದ್ದುತ್ತಲೇ ಹೋಗುವ ಯಂತ್ರವನ್ನೂ ಅವನು ಬೇರೆ ಬೇರೆಯಾಗಿ ಗುರುತಿಸಿದುದು ಇಲ್ಲಿ ಗಮನಾರ್ಹ. ಈ ಎರಡು ಬಗೆಗಳು ನೂರೈವತ್ತು ವರ್ಷಗಳ ತರುವಾಯವೂ ಸ್ಮಾರ್ಟ್ ಸರ್ವೋವಿನ ಕೋಷ್ಟಕದಲ್ಲಿ ಎರಡು ಅಂಕಿಗಳಾಗಿ ಉಳಿದುಬಂದಿವೆ.

ಸರ್ವೋ ಎಂಬ ಪದವು ಹಡಗಿನಿಂದ ಬಂದುದು. ಉಗಿಹಡಗುಗಳು ದೊಡ್ಡವಾದಂತೆ ಅವುಗಳ ಚುಕ್ಕಾಣಿಯನ್ನು ಮನುಷ್ಯಬಲದಿಂದ ತಿರುಗಿಸುವುದು ದುಸ್ಸಾಧ್ಯವಾಯಿತು. ಚುಕ್ಕಾಣಿಗನು ಚಕ್ರವನ್ನು ಎಷ್ಟು ತಿರುಗಿಸಿದನೋ ಅಷ್ಟೇ ಪ್ರಮಾಣದಲ್ಲಿ ಆವಿಯಂತ್ರವು ಚುಕ್ಕಾಣಿಯನ್ನು ತಿರುಗಿಸಿ ನಿಲ್ಲುವ ಏರ್ಪಾಟುಗಳು ೧೮೬೦ರ ದಶಕದಲ್ಲಿ ಬಂದವು. ಫ್ರಾನ್ಸಿನ ಫಾರ್ಕೋ ಎಂಬಾತನು ೧೮೭೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಸರ್ವೋ ಮೋಟಾರು, ಅಂದರೆ ದಾಸ್ಯಕ್ಕೆ ಒಳಪಟ್ಟ ಯಂತ್ರ, ಎಂದು ಕರೆದನು. ದಾಸನೆಂಬ ಅರ್ಥದ ಲ್ಯಾಟಿನ್ ಪದವೇ ಇದರ ಮೂಲ. ಒಡೆಯನು ಬೆರಳಲ್ಲಿ ತೋರಿಸಿದುದನ್ನು ದಾಸನು ಬಲದಿಂದ ಮಾಡಿ ಮುಗಿಸುವನೆಂಬುದು ಇದರ ತಾತ್ಪರ್ಯ.

೩

ನಮ್ಮ ನಾಡಿನಲ್ಲಿ ಈ ಬಗೆಯ ನಿಯಂತ್ರಣಕ್ಕೆ ಮಹತ್ವವನ್ನು ತಂದುದು ಜಲವಿದ್ಯುತ್ತು. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆಯು ೧೯೦೨ರಲ್ಲಿ ಪೂರೈಸಿ, ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತೆಂಬುದು ಸುವಿದಿತ. ಇಂತಹ ಕೇಂದ್ರಗಳಲ್ಲಿ ಗ್ರಾಹಕರ ಹೊರೆ ಏರಿಳಿದಂತೆ ಜಲಚಕ್ರಕ್ಕೆ ಬೀಳುವ ನೀರನ್ನೂ ಏರಿಳಿಸದಿದ್ದರೆ ವೇಗ ಕೆಡುತ್ತದೆ, ವೇಗ ಕೆಟ್ಟರೆ ವಿದ್ಯುತ್ತಿನ ಆವರ್ತನವೂ ಕೆಡುತ್ತದೆ. ನೀರಿನ ಒತ್ತಡಕ್ಕೆದುರಾಗಿ ದ್ವಾರವನ್ನು ಸರಿಸುವ ಬಲ ತಿರುಗುವ ಗುಂಡುಗಳಿಗಿಲ್ಲ. ಆದುದರಿಂದ ಗುಂಡುಗಳು ಒಂದು ಚಿಕ್ಕ ಕವಾಟವನ್ನು ಮಾತ್ರ ಸರಿಸುವುವು. ಆ ಕವಾಟದ ಮೂಲಕ ನುಗ್ಗುವ ಒತ್ತಡದ ಎಣ್ಣೆಯು ಕೊಂತವನ್ನು ತಳ್ಳಿ ದ್ವಾರವನ್ನು ಸರಿಸುವುದು. ಜಲವಿದ್ಯುತ್ ಕೇಂದ್ರಗಳಲ್ಲಿ ಈ ಕೊಂತಕ್ಕೆ ಇಂದಿಗೂ ಸರ್ವೋ ಮೋಟಾರೆಂದೇ ಹೆಸರು.

ಇಲ್ಲಿಯೂ ಹೊಂದಾಣಿಕೆಯೆಲ್ಲ ಕಣ್ಣಿಗೆ ಕಾಣುವಂತಹುದು: ಸ್ಪ್ರಿಂಗಿನ ಬಿಗುವು, ಸನ್ನೆಕೋಲಿನ ಉದ್ದ, ಎಣ್ಣೆಯ ಒತ್ತಡವನ್ನು ತೋರುವ ಮುಳ್ಳು. ಅಂತಹ ಯಂತ್ರವು ಕೆಲಸ ನಿಲ್ಲಿಸಿದ ಮೇಲೂ ಅದರ ಅಂಗಾಂಗಗಳನ್ನು ಅಳೆದು, ಅದನ್ನು ಹೇಗೆ ಹೊಂದಿಸಿದ್ದರೆಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಯಂತ್ರದ ಒಡಲೇ ಅದರ ಶಾಸನ.

೪

ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಯು ಶಾಸ್ತ್ರರೂಪವನ್ನು ತಳೆಯಿತು. ೧೯೨೨ರಲ್ಲಿ ಮಿನೋರ್ಸ್ಕಿಯು ಹಡಗಿನ ಚುಕ್ಕಾಣಿಗನ ವರ್ತನೆಯನ್ನು ಪರಿಶೀಲಿಸಿ, ಇಂದಿನ ತಪ್ಪು, ಕೂಡಿಬಂದ ತಪ್ಪು, ತಪ್ಪು ಬದಲಾಗುತ್ತಿರುವ ವೇಗ, ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ನಿಯಮವನ್ನು ಪ್ರತಿಪಾದಿಸಿದನು. ೧೯೩೪ರಲ್ಲಿ ಹೇಜನ್ನನು ಸರ್ವೋ ಯಂತ್ರಗಳ ಸಿದ್ಧಾಂತವನ್ನು ಪ್ರಕಟಿಸಿದನು. ಎರಡನೆಯ ಮಹಾಯುದ್ಧದಲ್ಲಿ ಫಿರಂಗಿಗಳನ್ನೂ ರೇಡಾರುಗಳನ್ನೂ ಗುರಿಯಿಡುವ ಅಗತ್ಯವು ಈ ಶಾಸ್ತ್ರವನ್ನು ತ್ವರಿತವಾಗಿ ಬೆಳೆಸಿತು.

ಕುಂದೂರು ಸೇರಿದ ಹಾಸನ ಜಿಲ್ಲೆಯೇ ಇದರ ಮುಂದಿನ ಘಟ್ಟಕ್ಕೆ ಒಂದು ನಿದರ್ಶನವನ್ನು ಒದಗಿಸುತ್ತದೆ. ೧೯೮೨ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ಹಾಸನದಲ್ಲಿ ಸ್ಥಾಪಿತವಾಯಿತು. ಅಲ್ಲಿಯ ಹಿರಿಯ ಆಂಟೆನಾಗಳು, ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಗಳತ್ತ ಮುಖಮಾಡಿ ನಿಲ್ಲುತ್ತವೆ. ಇಲ್ಲಿ ನಮಗೆ ಮುಖ್ಯವಾದುದು ಆ ಆಂಟೆನಾಗಳ ಆಚೆಯ ತುದಿ. ನೆಲದ ಮೇಲೆ ಕುಳಿತವನು ಉಪಗ್ರಹವೆಂಬ ಯಂತ್ರವನ್ನು ಮುಟ್ಟಲಾರನು. ಅಂಕಿಗಳ ರೂಪದ ಆಜ್ಞೆಯನ್ನು ಕಳುಹಿಸುವನು, ಅಂಕಿಗಳ ರೂಪದ ಉತ್ತರವನ್ನು ಓದುವನು. ತಿರುಪು ಅಲ್ಲಿ ಸಂಪೂರ್ಣವಾಗಿ ಮಾಯವಾಯಿತು.

ಇದರ ಕಷ್ಟವೆಷ್ಟೆಂಬುದು ಆರಂಭದಲ್ಲಿಯೇ ಅನುಭವಕ್ಕೆ ಬಂದಿತು. ೧೯೮೨ರ ಏಪ್ರಿಲ್ ೧೦ರಂದು ಹಾರಿದ ಇನ್ಸಾಟ್-೧ಎ ಉಪಗ್ರಹವು ಅದೇ ಸೆಪ್ಟೆಂಬರಿನಲ್ಲಿ, ತನ್ನ ನಿಲುವನ್ನು ಕಾಯ್ದುಕೊಳ್ಳುವ ಇಂಧನವು ತೀರಿಹೋಗಿ, ಕೈಬಿಟ್ಟುಹೋಯಿತು. ೧೯೮೩ರ ಆಗಸ್ಟಿನ ಕೊನೆಯಲ್ಲಿ ಹಾರಿದ ಇನ್ಸಾಟ್-೧ಬಿಯ ಸೌರಫಲಕಗಳು ಮೊದಲಿಗೆ ಪೂರ್ತಿಯಾಗಿ ಬಿಚ್ಚಿಕೊಳ್ಳಲಿಲ್ಲ. ಅದನ್ನು ನಿರ್ಮಿಸಿದ ಸಂಸ್ಥೆಯವರೂ ಹಾಸನದವರೂ ನೆಲದಿಂದಲೇ ಶ್ರಮಿಸಿ, ಸೆಪ್ಟೆಂಬರಿನ ನಡುವಿನ ಹೊತ್ತಿಗೆ ಅವನ್ನು ಬಿಚ್ಚಿಸಿದರು. ಕೈಗೆಟುಕದ ಯಂತ್ರವನ್ನು ತಿದ್ದಬೇಕಾದರೆ ಯಾವ ಆಜ್ಞೆಯನ್ನು ಯಾವಾಗ ಕಳುಹಿಸಿತು, ಯಾವ ಉತ್ತರ ಬಂದಿತು ಎಂಬ ಬರಹವೇ ಯಂತ್ರದ ಒಡಲಿನ ಸ್ಥಾನವನ್ನು ಪಡೆಯುತ್ತದೆಂಬುದು ಇದರಿಂದ ವ್ಯಕ್ತವಾಗುವ ತತ್ತ್ವ.

೫

ಈಗ ಪ್ರಯೋಗಶಾಲೆಯ ಮೇಜಿಗೆ ಬರೋಣ. ಆಟಿಕೆಯ ವಿಮಾನಗಳಲ್ಲಿ ಬಳಸುವ ಸಾಮಾನ್ಯ ಸರ್ವೋವಿಗೆ ಸುಮಾರು ಒಂದರಿಂದ ಎರಡು ಮಿಲಿಸೆಕೆಂಡು ಅಗಲದ ವಿದ್ಯುತ್ ಮಿಡಿತವನ್ನು ಮತ್ತೆ ಮತ್ತೆ ಕಳುಹಿಸಿದರೆ, ಆ ಅಗಲಕ್ಕೆ ತಕ್ಕ ಕೋನದಲ್ಲಿ ಅದು ನಿಲ್ಲುತ್ತದೆ. ತಾನು ನಿಜವಾಗಿ ಎಲ್ಲಿ ನಿಂತಿದೆಯೆಂಬುದನ್ನು ಅದು ನಮಗೆ ತಿಳಿಸದು. ಆಜ್ಞೆಯುಂಟು, ಉತ್ತರವಿಲ್ಲ.

ಸ್ಮಾರ್ಟ್ ಸರ್ವೋ ಉತ್ತರ ಕೊಡುವ ದಾಸ. ೧೯೯೯ರಲ್ಲಿ ದಕ್ಷಿಣ ಕೊರಿಯಾದಲ್ಲಿ ಆರಂಭವಾದ ರೋಬೋಟಿಸ್ ಸಂಸ್ಥೆಯ ಡೈನಮಿಕ್ಸೆಲ್ ಎಂಬ ಮೋಟಾರುಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅವುಗಳಲ್ಲಿ ಮೋಟಾರು, ಹಲ್ಲುಚಕ್ರಗಳು, ಸ್ಥಾನವನ್ನು ಅಳೆಯುವ ಸಂವೇದಕ, ಒಂದು ಚಿಕ್ಕ ಗಣಕ, ಇವೆಲ್ಲವೂ ಒಂದೇ ಪೆಟ್ಟಿಗೆಯೊಳಗಿವೆ. ಹಲವು ಮೋಟಾರುಗಳನ್ನು ಒಂದೇ ತಂತಿಯ ಸಾಲಿನಲ್ಲಿ ಕೋದು, ಪ್ರತಿಯೊಂದನ್ನೂ ಅದರ ಗುರುತುಸಂಖ್ಯೆಯಿಂದ ಕರೆಯಬಹುದು. ಪ್ರತಿ ಮೋಟಾರಿನೊಳಗೂ ನಿಯಂತ್ರಣ ಕೋಷ್ಟಕವೊಂದಿದೆ. ಎಕ್ಸ್ ಶ್ರೇಣಿಯ ಮೋಟಾರುಗಳಲ್ಲಿ ೭ನೆಯ ವಿಳಾಸದಲ್ಲಿ ಗುರುತುಸಂಖ್ಯೆ, ೬೪ರಲ್ಲಿ ಮೋಟಾರಿನ ಬಲವನ್ನು ತೊಡಗಿಸುವ ಅಂಕಿ, ೧೧೬ರಲ್ಲಿ ಅದು ಸೇರಬೇಕಾದ ಸ್ಥಾನ ಇರುತ್ತವೆ. ಒಂದು ಸುತ್ತನ್ನು ೪,೦೯೬ ಭಾಗ ಮಾಡಿ ಸ್ಥಾನವನ್ನು ಎಣಿಸುತ್ತಾರೆ. ೮೦, ೮೨ ಮತ್ತು ೮೪ನೆಯ ವಿಳಾಸಗಳಲ್ಲಿ ಮಿನೋರ್ಸ್ಕಿಯ ಮೂರು ಅಂಶಗಳು ಕುಳಿತಿವೆ. ಮೇಲೆ ಹೇಳಿದ ಮ್ಯಾಕ್ಸ್‌ವೆಲ್ಲನ ಎರಡು ಬಗೆಗಳೂ ಇವುಗಳಲ್ಲಿಯೇ ಸೇರಿವೆ.

ಈ ಕೋಷ್ಟಕವನ್ನು ಕಾಣಿಸುವುದು ಡೈನಮಿಕ್ಸೆಲ್ ವಿಜರ್ಡ್ ಎಂಬ ತಂತ್ರಾಂಶ. ಮೊದಲು ಇದು ರೋಬೋಪ್ಲಸ್ ಎಂಬ ತಂತ್ರಾಂಶ ಸಮೂಹದ ಅಂಗವಾಗಿದ್ದು, ತರುವಾಯ ವಿಜರ್ಡ್ ೨.೦ ಎಂಬ ಹೆಸರಿನಿಂದ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುವಂತಾಯಿತು. ಗಣಕದ ಯುಎಸ್‌ಬಿ ದ್ವಾರಕ್ಕೆ ಪರಿವರ್ತಕವೊಂದನ್ನು ಜೋಡಿಸಿ, ತಂತಿಯ ಮೇಲಿರುವ ಮೋಟಾರುಗಳನ್ನು ಹುಡುಕಿಸಿದರೆ, ಸಿಕ್ಕವುಗಳ ಪಟ್ಟಿ ತೆರೆಯ ಮೇಲೆ ಮೂಡುತ್ತದೆ. ಬೇಕಾದ ಸಾಲಿನ ಅಂಕಿಯನ್ನು ತಿದ್ದಬಹುದು, ಚಲನೆಯ ನಕ್ಷೆಯನ್ನು ನೋಡಬಹುದು, ಮೋಟಾರಿನೊಳಗಣ ಮೂಲ ಆದೇಶಗಳನ್ನು, ಅಂದರೆ ಫರ್ಮ್‌ವೇರನ್ನು, ಹೊಸತಕ್ಕೆ ಏರಿಸಬಹುದು, ಅದು ಕೆಟ್ಟರೆ ಮರಳಿ ತುಂಬಬಹುದು. ಗುರುತುಸಂಖ್ಯೆಯಂತಹ ಶಾಶ್ವತ ಅಂಕಿಗಳನ್ನು ಮೋಟಾರಿನ ಬಲವು ತೊಡಗಿರುವಾಗ ಬದಲಿಸಲಾಗದು. ವಿದ್ಯುತ್ತು ಹೋದರೂ ಅವು ಅಳಿಯವು. ಚಲನೆಗೆ ಸಂಬಂಧಿಸಿದ ಬೇರೆ ಅಂಕಿಗಳು ಕ್ಷಣಿಕಸ್ಮೃತಿಯಲ್ಲಿದ್ದು, ವಿದ್ಯುತ್ತು ಹೋದೊಡನೆ ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಮರಳುತ್ತವೆ. ವಿದ್ಯಾರ್ಥಿಯು ಈ ಭೇದವನ್ನು ಮೊದಲೇ ಅರಿಯದಿದ್ದರೆ, ನಿನ್ನೆ ಹೊಂದಿಸಿದ ಮೋಟಾರು ಇಂದು ಬೇರೆಯಾಗಿ ನಡೆದುದಕ್ಕೆ ಕಾರಣ ಕಾಣದೆ ದಿನ ಕಳೆಯುವನು.

ಇನ್ನೊಂದು ಉದಾಹರಣೆ. ಕಾರ್ಖಾನೆಯಿಂದ ಬರುವ ಮೋಟಾರುಗಳ ಗುರುತುಸಂಖ್ಯೆ ೧ ಆಗಿರುವುದರಿಂದ, ಹೊಸ ಮೋಟಾರುಗಳೆರಡನ್ನು ಒಂದೇ ತಂತಿಗೆ ಕಟ್ಟಿ ಕರೆದರೆ ಎರಡೂ ಒಮ್ಮೆಲೇ ಉತ್ತರಿಸಿ ಮಾತು ಕಲಬೆರಕೆಯಾಗುತ್ತದೆ. ಒಂದೊಂದನ್ನೇ ಪ್ರತ್ಯೇಕವಾಗಿ ಜೋಡಿಸಿ ಬೇರೆ ಬೇರೆ ಸಂಖ್ಯೆ ಕೊಡುವುದೇ ಇದಕ್ಕೆ ಉಪಾಯ.

೬

ಈ ಮಾರ್ಪಾಟಿನಿಂದ ಆದ ಲಾಭವು ಅಲ್ಪವಲ್ಲ. ತಿರುಪನ್ನು ಹೊಂದಿಸಲು ವರ್ಷಗಳ ಕೈಪಳಗು ಬೇಕಾಗಿದ್ದಲ್ಲಿ, ಇಂದು ಪ್ರಥಮ ವರ್ಷದ ವಿದ್ಯಾರ್ಥಿಯೂ ಅಂಕಿಯೊಂದನ್ನು ಬದಲಿಸಿ ಅದರ ಪರಿಣಾಮವನ್ನು ಕಣ್ಣಾರೆ ಕಾಣಬಲ್ಲನು. ತೂಗಾಟವೆಂದರೇನೆಂಬುದನ್ನು ಪಾಠಪಟ್ಟಿಯಿಂದ ಕಲಿಯುವುದಕ್ಕಿಂತ, ೮೪ನೆಯ ವಿಳಾಸದ ಅಂಕಿಯನ್ನು ಹೆಚ್ಚಿಸಿ ಮೋಟಾರು ನಡುಗುವುದನ್ನು ನೋಡಿ ಕಲಿಯುವುದು ಮೇಲು.

ಆದರೆ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ನಷ್ಟವೂ ಉಂಟು. ಕೋಷ್ಟಕವುಳ್ಳ ಮೋಟಾರನ್ನು ಬಿಚ್ಚಿ ನೋಡಿದರೆ ಅದನ್ನು ಹೇಗೆ ಹೊಂದಿಸಿದ್ದರೆಂಬುದು ತಿಳಿಯದು. ಅದನ್ನು ಓದಲು ತಕ್ಕ ತಂತ್ರಾಂಶ ಬೇಕು, ಆ ತಂತ್ರಾಂಶಕ್ಕೆ ತಕ್ಕ ಗಣಕ ಬೇಕು. ಮೋಟಾರಿನ ಹಲ್ಲುಚಕ್ರ ಸವೆಯುವ ಮೊದಲೇ ಇವೆರಡೂ ಹಳತಾಗಬಹುದು. ಕಾರ್ಖಾನೆಯ ಸ್ಥಿತಿಗೆ ಮರಳಿಸುವ ಒಂದು ಆಜ್ಞೆಯು ಹಿಂದಿನವರು ತಿಂಗಳುಗಟ್ಟಲೆ ಪರೀಕ್ಷಿಸಿ ಬರೆದ ಅಂಕಿಗಳನ್ನು ಕ್ಷಣದಲ್ಲಿ ಅಳಿಸಬಲ್ಲದು. ಕಲ್ಲಿನ ಶಾಸನದ ಮೇಲೆ ಹೊಸ ಶಾಸನವನ್ನು ಕೆತ್ತಿದರೂ ಹಳೆಯ ಅಕ್ಷರದ ಸುಳಿವು ಉಳಿಯುವುದುಂಟು. ಇಲ್ಲಿ ಓದುವವನಿಗೆ ಅಂತಹ ಸುಳಿವು ಸಿಕ್ಕದು.

ಆದುದರಿಂದ ನಮ್ಮ ವಿಭಾಗಗಳಲ್ಲಿ ಪ್ರತಿ ಮೋಟಾರಿಗೂ ಒಂದು ಪುಟದಂತೆ ದಾಖಲೆಯ ಪುಸ್ತಕವೊಂದನ್ನು ಇಡುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ. ಗುರುತುಸಂಖ್ಯೆ, ಸಂವಹನದ ವೇಗ, ಫರ್ಮ್‌ವೇರಿನ ಆವೃತ್ತಿ, ಬದಲಿಸಿದ ವಿಳಾಸ, ಹಳೆಯ ಅಂಕಿ, ಹೊಸ ಅಂಕಿ, ತಾರೀಖು, ಬದಲಿಸಿದವರ ಸಹಿ ಮತ್ತು ಬದಲಿಸಿದ ಕಾರಣ, ಇಷ್ಟು ಇದ್ದರೆ ಸಾಕು. ಇವುಗಳಲ್ಲಿ ಕೊನೆಯದೇ ಅತಿ ಮುಖ್ಯ. ಯಾವ ತಂತ್ರಾಂಶವೂ ಅಂಕಿಯನ್ನು ತೋರಿಸೀತೇ ಹೊರತು ಅದನ್ನು ಏಕೆ ಆರಿಸಿದರೆಂಬುದನ್ನು ತೋರಿಸದು. ಫರ್ಮ್‌ವೇರನ್ನು ಏರಿಸುವ ಮುನ್ನ ಕೋಷ್ಟಕವನ್ನು ಸಂಪೂರ್ಣವಾಗಿ ಬರೆದುಕೊಳ್ಳುವುದೂ ಇದೇ ನಿಯಮಕ್ಕೆ ಸೇರತಕ್ಕದ್ದು.

ಕಾಫಿ ತೋಟದ ಮೇಸ್ತ್ರಿಯು ತಿರುಪಿನ ಪಕ್ಕದಲ್ಲಿ ಎಳೆದ ಗೀಟು ಇದೇ ಕೆಲಸವನ್ನು ಮಾಡುತ್ತಿತ್ತು. ಅವನಿಗೆ ಲೋಹವೇ ಕಾಗದವಾಗಿತ್ತು. ನಮಗೆ ಆ ಅನುಕೂಲ ಉಳಿದಿಲ್ಲವಾದುದರಿಂದ ಕಾಗದವನ್ನು ನಾವೇ ಒದಗಿಸಿಕೊಳ್ಳಬೇಕಾಗಿದೆ.