ಪ್ರಾದೇಶಿಕ ಕ್ರೀಡಾ ವಾಹಿನಿಗಳು, ಅಮೆರಿಕ

ಒಂದು ನಗರದ ಅಥವಾ ಅದರ ಸುತ್ತಣ ಸೀಮೆಯ ವೃತ್ತಿಪರ ತಂಡಗಳ ಪಂದ್ಯಗಳನ್ನು ಆ ಭಾಗದ ವೀಕ್ಷಕರಿಗಷ್ಟೇ ತೋರಿಸುವ ಕೇಬಲ್ ವಾಹಿನಿಗಳಿಗೆ ಪ್ರಾದೇಶಿಕ ಕ್ರೀಡಾ ವಾಹಿನಿಗಳೆಂದು ಹೆಸರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ ಪಂದ್ಯಗಳು ದಶಕಗಳ ಕಾಲ ಮನೆಮನೆಗೆ ತಲುಪಿದ್ದು ಹೆಚ್ಚಾಗಿ ಇವುಗಳ ಮೂಲಕ. 1980ರ ದಶಕದಲ್ಲಿ ಬೇರುಬಿಟ್ಟ ಈ ವ್ಯವಸ್ಥೆ 2010ರ ದಶಕದ ಆರಂಭದಲ್ಲಿ ತುತ್ತತುದಿಗೇರಿತು. 2019ರ ನಂತರ ಕೆಲವೇ ವರ್ಷಗಳಲ್ಲಿ ಕುಸಿಯಿತು. ಆಟವನ್ನು ಎಂದೂ ನೋಡದ ಮನೆಗಳು ಕಟ್ಟುತ್ತಿದ್ದ ಹಣವೇ ಇದರ ಅಡಿಪಾಯವಾಗಿತ್ತು. ಆ ಮನೆಗಳು ಕೇಬಲ್ ಬಿಟ್ಟು ಸ್ಟ್ರೀಮಿಂಗ್ ಹಿಡಿದಾಗ ಅಡಿಪಾಯವೇ ಸರಿದುಹೋಯಿತು.

ಹಿನ್ನೆಲೆ

1961ರ ಕ್ರೀಡಾ ಪ್ರಸಾರ ಕಾಯ್ದೆಯು ಲೀಗ್‌ಗಳಿಗೆ ತಮ್ಮ ತಂಡಗಳ ಪ್ರಸಾರ ಹಕ್ಕನ್ನು ಒಟ್ಟುಗೂಡಿಸಿ ಮಾರಲು ಅವಕಾಶ ಕೊಟ್ಟಿತು. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಇದನ್ನು ಪೂರ್ತಿಯಾಗಿ ಬಳಸಿಕೊಂಡಿತು. ಅಲ್ಲಿ ತಂಡವೊಂದು ಋತುವಿಗೆ ಆಡುವುದು 17 ಲೀಗ್ ಪಂದ್ಯ ಮಾತ್ರ, ಆದ್ದರಿಂದ ಎಲ್ಲವೂ ರಾಷ್ಟ್ರೀಯ ಒಪ್ಪಂದಗಳಲ್ಲೇ ಮುಗಿಯುತ್ತವೆ. ಬೇಸ್‌ಬಾಲ್‌ನ ಲೆಕ್ಕ ಬೇರೆ. ಪ್ರತಿ ತಂಡ 162 ಪಂದ್ಯ ಆಡುತ್ತದೆ. ಬ್ಯಾಸ್ಕೆಟ್‌ಬಾಲ್ ಮತ್ತು ಹಾಕಿಯಲ್ಲಿ ತಲಾ 80ಕ್ಕೂ ಹೆಚ್ಚು. ಇಷ್ಟನ್ನೆಲ್ಲ ರಾಷ್ಟ್ರೀಯ ವಾಹಿನಿಗಳು ತೋರಿಸಲಾರವು. ಉಳಿದ ಪಂದ್ಯಗಳನ್ನು ಆಯಾ ತಂಡವೇ ತನ್ನ ಊರಿನಲ್ಲಿ ಮಾರಿಕೊಳ್ಳುವ ಪದ್ಧತಿ ಹೀಗೆ ಬೆಳೆಯಿತು. ಐಪಿಎಲ್‌ನಲ್ಲಿ ಹಕ್ಕುಗಳನ್ನೆಲ್ಲ ಬಿಸಿಸಿಐ ಒಟ್ಟಾಗಿ ಮಾರುತ್ತದೆ, ಬೆಂಗಳೂರಿನ ತಂಡ ತನ್ನ ಪಂದ್ಯಗಳನ್ನು ಬೇರೆಯಾಗಿ ಮಾರುವಂತಿಲ್ಲ. ಭಾರತದಲ್ಲಿ ತಂಡಕ್ಕೊಂದು ಊರ ವಾಹಿನಿ ಹುಟ್ಟದಿರಲು ಇದೂ ಒಂದು ಕಾರಣ.

ಉಗಮ ಮತ್ತು ವಿಸ್ತಾರ

ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದ ಪಂದ್ಯಗಳನ್ನು 1969ರಲ್ಲಿ ಕೇಬಲ್ ಮೂಲಕ ತೋರಿಸತೊಡಗಿದ್ದು ಈ ಬಗೆಯ ಮೊದಲ ಪ್ರಯತ್ನಗಳಲ್ಲೊಂದು. 1984ರಲ್ಲಿ ಬಾಸ್ಟನ್ನಿನಲ್ಲಿ ನೆಸನ್ ವಾಹಿನಿ ಆರಂಭವಾಯಿತು. ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ ಮತ್ತು ಬ್ರೂಯಿನ್ಸ್ ಹಾಕಿ ತಂಡದ ಕಡೆಯವರೇ ಅದರ ಒಡೆಯರು. ಮರುವರ್ಷ ಲಾಸ್ ಏಂಜಲೀಸಿನಲ್ಲಿ ಲೇಕರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಮಾಲೀಕ ಜೆರ್ರಿ ಬಸ್ ಮತ್ತು ಕೇಬಲ್ ಉದ್ಯಮಿ ಬಿಲ್ ಡೇನಿಯಲ್ಸ್ ಸೇರಿ ಪ್ರೈಮ್ ಟಿಕೆಟ್ ವಾಹಿನಿ ಕಟ್ಟಿದರು. 1996ರಲ್ಲಿ ಫಾಕ್ಸ್ ಸಂಸ್ಥೆಯು ಲಿಬರ್ಟಿ ಮೀಡಿಯಾ ಜೊತೆಗೂಡಿ ಅಲ್ಲಲ್ಲಿನ ವಾಹಿನಿಗಳನ್ನು ಫಾಕ್ಸ್ ಸ್ಪೋರ್ಟ್ಸ್ ನೆಟ್ ಎಂಬ ಒಂದೇ ಹೆಸರಿನಡಿ ತಂದಿತು. 2002ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಯೆಸ್ ನೆಟ್‌ವರ್ಕ್ ಬಂದ ಮೇಲೆ ಸ್ವಂತ ವಾಹಿನಿಯಿರುವುದು ದೊಡ್ಡ ತಂಡಗಳ ಬಲದ ಗುರುತಾಯಿತು.

ಈ ವಾಹಿನಿಗಳ ಹೆಗ್ಗಳಿಕೆ ಪಂದ್ಯಗಳ ಸಂಖ್ಯೆಯಲ್ಲಷ್ಟೇ ಇರಲಿಲ್ಲ. ವರ್ಷಗಟ್ಟಲೆ ಒಂದೇ ತಂಡದ ಜೊತೆ ಊರೂರು ತಿರುಗುವ ವೀಕ್ಷಕ ವಿವರಣೆಗಾರರು ಆಟಗಾರನ ಮೊದಲ ದಿನದಿಂದ ಕೊನೆಯ ದಿನದವರೆಗಿನ ಕಥೆ ಬಲ್ಲವರು. ಬೇಸಗೆಯ ಸಂಜೆ ಮನೆಯೊಳಗೆ ದಿನವೂ ಕೇಳುವ ಆ ಸ್ವರ ನೆಂಟರ ಸ್ವರದಷ್ಟೇ ಆಪ್ತವಾಗಿತ್ತು. ಸೋಲುವ ತಂಡದ ಸಾಮಾನ್ಯ ಪಂದ್ಯಕ್ಕೂ ಅದೇ ಶ್ರದ್ಧೆ ಸಿಗುತ್ತಿದ್ದದ್ದು ಊರ ವಾಹಿನಿಯಲ್ಲಿ ಮಾತ್ರ.

ಹಣದ ಹರಿವು

ಪ್ರತಿ ಕೇಬಲ್ ಸಂಪರ್ಕಕ್ಕೆ ತಿಂಗಳಿಗೆ ಇಷ್ಟು ಡಾಲರ್ ಎಂದು ಪ್ರಾದೇಶಿಕ ವಾಹಿನಿ ಕೇಬಲ್ ಕಂಪನಿಯಿಂದ ಪಡೆಯುತ್ತಿತ್ತು. ವಾಹಿನಿಯು ಮೂಲ ಪ್ಯಾಕೇಜಿನಲ್ಲೇ ಇದ್ದುದರಿಂದ ಆಟದ ಗಂಧವಿಲ್ಲದ ಮನೆಯೂ ಆ ಮೊತ್ತ ತೆರುತ್ತಿತ್ತು. 2010ರ ದಶಕದ ಆರಂಭದಲ್ಲಿ ಹಣ ಕೊಟ್ಟು ಟಿವಿ ನೋಡುವ ಅಮೆರಿಕದ ಮನೆಗಳು ಸುಮಾರು 10 ಕೋಟಿ. ಈ ಸಂಖ್ಯೆ ಇಳಿಯದು ಎಂಬ ನಂಬಿಕೆಯಲ್ಲಿ ತಂಡಗಳಿಗೆ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಒಪ್ಪಂದಗಳು ಸಿಕ್ಕವು. ಆಟಗಾರರ ಸಂಬಳವೂ ಆ ಭರವಸೆಯ ಮೇಲೆಯೇ ಏರಿತು.

ಎಚ್ಚರಿಕೆಯ ಸೂಚನೆಗಳೂ ಆಗಲೇ ಕಂಡಿದ್ದವು. ಹ್ಯೂಸ್ಟನ್ನಿನಲ್ಲಿ 2012ರಲ್ಲಿ ಆರಂಭವಾದ ವಾಹಿನಿಯೊಂದನ್ನು ಹೆಚ್ಚಿನ ಕೇಬಲ್ ಕಂಪನಿಗಳು ತೆಗೆದುಕೊಳ್ಳಲಿಲ್ಲ, ಮರುವರ್ಷವೇ ಅದು ದಿವಾಳಿ ನ್ಯಾಯಾಲಯದಲ್ಲಿತ್ತು. ಲಾಸ್ ಏಂಜಲೀಸಿನ ಡಾಡ್ಜರ್ಸ್ ಬೇಸ್‌ಬಾಲ್ ತಂಡವು ಟೈಮ್ ವಾರ್ನರ್ ಕೇಬಲ್ ಜೊತೆ 25 ವರ್ಷಕ್ಕೆ 835 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು 2014ರಲ್ಲಿ ಹೊಸ ವಾಹಿನಿ ತೆರೆಯಿತು. ಡೈರೆಕ್‌ಟಿವಿ ಮುಂತಾದ ವಿತರಕರು ಬೆಲೆ ಹೆಚ್ಚೆಂದು ಅದನ್ನು ಒಪ್ಪಲಿಲ್ಲ. ಡೈರೆಕ್‌ಟಿವಿ ಒಪ್ಪಿದ್ದು 2020ರಲ್ಲಿ. 67 ಋತುಗಳ ಕಾಲ ಡಾಡ್ಜರ್ಸ್ ಪಂದ್ಯಗಳಿಗೆ ದನಿಯಾಗಿದ್ದ ವಿನ್ ಸ್ಕಲಿ 2016ರಲ್ಲಿ ನಿವೃತ್ತರಾದರು. ಅವರ ಕೊನೆಯ ವರ್ಷಗಳ ವಿವರಣೆ ಅವರದೇ ಊರಿನ ಬಹಳಷ್ಟು ಮನೆಗಳಿಗೆ ಟಿವಿಯಲ್ಲಿ ಸಿಗಲಿಲ್ಲ. ಕಟ್ಟಕಡೆಯ ಕೆಲವು ಪಂದ್ಯಗಳನ್ನಷ್ಟೇ ಉಚಿತ ವಾಹಿನಿ ಕೆಟಿಎಲ್‌ಎ ಕೂಡ ಪ್ರಸಾರ ಮಾಡಿತು.

ಪ್ರಸಾರ ತಡೆ

ಪ್ರಾದೇಶಿಕ ವಾಹಿನಿಯ ಏಕಸ್ವಾಮ್ಯವನ್ನು ಕಾಯಲು ಬ್ಲ್ಯಾಕೌಟ್ ಎಂಬ ನಿಯಮವಿತ್ತು. ಬೇಸ್‌ಬಾಲ್ ಲೀಗ್ 2002ರಲ್ಲೇ ಇಂಟರ್‌ನೆಟ್ ಮೂಲಕ ಪಂದ್ಯ ತೋರಿಸಲು ಆರಂಭಿಸಿತು. ಆದರೆ ವೀಕ್ಷಕನ ಸೀಮೆಗೆ ಸೇರಿದ ತಂಡದ ಪಂದ್ಯ ಅದರಲ್ಲಿ ಬರುತ್ತಿರಲಿಲ್ಲ. ತನ್ನದೇ ಬೇಸ್‌ಬಾಲ್ ಲೀಗ್ ತಂಡವಿಲ್ಲದ ಅಯೋವಾ ರಾಜ್ಯ ಆರು ತಂಡಗಳ ಸೀಮೆಗೆ ಸೇರಿತ್ತು. ಶಿಕಾಗೊದ ಎರಡು, ಸೇಂಟ್ ಲೂಯಿಸ್, ಮಿಲ್ವಾಕಿ, ಮಿನ್ನೆಸೋಟ, ಕಾನ್ಸಾಸ್ ಸಿಟಿ ತಂಡಗಳ ಪಂದ್ಯಗಳು ಅಲ್ಲಿನ ಸ್ಟ್ರೀಮಿಂಗ್ ಚಂದಾದಾರರಿಗೆ ನೇರವಾಗಿ ಸಿಗುತ್ತಿರಲಿಲ್ಲ. ಹಣ ಕೈಯಲ್ಲಿ ಹಿಡಿದು ಬಂದ ಅಭಿಮಾನಿಯನ್ನೇ ಬಾಗಿಲಲ್ಲಿ ತಡೆದ ಈ ನಿಯಮ, ಹೊಸ ಪೀಳಿಗೆಯನ್ನು ಆಟದಿಂದ ದೂರವಿಟ್ಟಿತು ಎಂಬ ದೂರು ನ್ಯಾಯವಾದದ್ದು.

ಕುಸಿತ ಮತ್ತು ದಿವಾಳಿ

ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಬಳಕೆಗೆ ಬಂದಂತೆ ಜನ ಕೇಬಲ್ ಕಡಿದುಕೊಳ್ಳತೊಡಗಿದರು. ಆಟ ನೋಡದವರಿಗೆ ಕೇಬಲ್ ಬಿಡುವುದು ಸುಲಭವಾಗಿತ್ತು, ಹಾಗಾಗಿ ವಾಹಿನಿಗಳು ಮೊದಲು ಕಳೆದುಕೊಂಡದ್ದು ನೋಡದೆಯೂ ಹಣ ಕೊಡುತ್ತಿದ್ದ ಮನೆಗಳನ್ನು.

2019ರಲ್ಲಿ ಡಿಸ್ನಿ ಸಂಸ್ಥೆ ಟ್ವೆಂಟಿ ಫಸ್ಟ್ ಸೆಂಚುರಿ ಫಾಕ್ಸ್‌ನ ಬಹುಪಾಲು ಆಸ್ತಿಯನ್ನು ಕೊಂಡಾಗ, ಸ್ಪರ್ಧೆಯ ಹಿತಕ್ಕಾಗಿ 22 ಪ್ರಾದೇಶಿಕ ವಾಹಿನಿಗಳನ್ನು ಮಾರುವಂತೆ ಅಮೆರಿಕದ ನ್ಯಾಯ ಇಲಾಖೆ ಷರತ್ತು ಹಾಕಿತ್ತು. ಯೆಸ್ ಹೊರತಾಗಿ ಉಳಿದ 21 ವಾಹಿನಿಗಳನ್ನು ಸಿಂಕ್ಲೇರ್ ಸಂಸ್ಥೆ ಸುಮಾರು 960 ಕೋಟಿ ಡಾಲರಿಗೆ, ಹೆಚ್ಚಾಗಿ ಸಾಲ ಮಾಡಿ, ಕೊಂಡಿತು. ಅವನ್ನು ನಡೆಸಲು ಡೈಮಂಡ್ ಸ್ಪೋರ್ಟ್ಸ್ ಗ್ರೂಪ್ ಎಂಬ ಅಂಗಸಂಸ್ಥೆ ಹುಟ್ಟಿತು. ವಿತರಕರ ಪೈಕಿ ಡಿಶ್ ಅದೇ ವರ್ಷ, ಯೂಟ್ಯೂಬ್ ಟಿವಿ ಮತ್ತು ಹುಲು 2020ರಲ್ಲಿ ಈ ವಾಹಿನಿಗಳನ್ನು ಕೈಬಿಟ್ಟವು. ಕೋವಿಡ್ ಕಾಲದಲ್ಲಿ ಪಂದ್ಯಗಳೇ ನಿಂತವು. 2021ರಲ್ಲಿ ವಾಹಿನಿಗಳ ಹೆಸರು ಬ್ಯಾಲಿ ಸ್ಪೋರ್ಟ್ಸ್ ಎಂದು ಬದಲಾದರೂ ಲೆಕ್ಕ ಬದಲಾಗಲಿಲ್ಲ. 2023ರ ಮಾರ್ಚ್ 14ರಂದು, 800 ಕೋಟಿ ಡಾಲರಿಗೂ ಮೀರಿದ ಸಾಲದೊಡನೆ, ಡೈಮಂಡ್ ಟೆಕ್ಸಸ್ಸಿನ ದಿವಾಳಿ ನ್ಯಾಯಾಲಯದ ಮೊರೆಹೋಯಿತು. ಅದೇ ವರ್ಷ, ಇಂಥ ವಾಹಿನಿಗಳನ್ನು ನಡೆಸುತ್ತಿದ್ದ ವಾರ್ನರ್ ಬ್ರದರ್ಸ್ ಡಿಸ್ಕವರಿ ಕೂಡ ಈ ವ್ಯವಹಾರದಿಂದ ಹೊರನಡೆಯಿತು.

2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ಪ್ರಕ್ರಿಯೆಯಿಂದ ಹೊರಬಂದು ಮೇನ್ ಸ್ಟ್ರೀಟ್ ಸ್ಪೋರ್ಟ್ಸ್ ಗ್ರೂಪ್ ಆಯಿತು. ವಾಹಿನಿಗಳಿಗೆ ಆ ಹೊತ್ತಿಗೆ ಫ್ಯಾನ್‌ಡ್ಯುಯೆಲ್ ಎಂಬ ಬೆಟ್ಟಿಂಗ್ ಕಂಪನಿಯ ಹೆಸರು ಬಂದಿತ್ತು. ಚೇತರಿಕೆ ಹೆಚ್ಚು ಕಾಲ ಬಾಳಲಿಲ್ಲ. 2026ರ ಜನವರಿಯಲ್ಲಿ ಮೇನ್ ಸ್ಟ್ರೀಟ್ ಬಳಿ ಉಳಿದಿದ್ದ ಒಂಬತ್ತು ಬೇಸ್‌ಬಾಲ್ ತಂಡಗಳು ಒಪ್ಪಂದ ರದ್ದುಮಾಡಿದವು.

ಹೊಸ ದಾರಿಗಳು

ತಂಡಗಳು ಹಿಡಿದ ದಾರಿ ಮುಖ್ಯವಾಗಿ ಮೂರು.

ಮೊದಲನೆಯದು, ಲೀಗ್ ತಾನೇ ಪ್ರಸಾರಕ್ಕಿಳಿಯುವುದು. 2023ರ ಮೇ 31ರಿಂದ ಸ್ಯಾನ್ ಡಿಯೆಗೊ ಪ್ಯಾಡ್ರೇಸ್ ಪಂದ್ಯಗಳನ್ನು ಬೇಸ್‌ಬಾಲ್ ಲೀಗ್ ಸ್ವತಃ ನಿರ್ಮಿಸಿತು. ಸ್ಥಳೀಯ ತಡೆ ತೆಗೆದು, ತಿಂಗಳಿಗೆ 19.99 ಡಾಲರಿಗೆ ಸ್ಟ್ರೀಮಿಂಗ್ ಕೊಟ್ಟಿತು. ತಂಡದ ಪಂದ್ಯಗಳು ಲಭ್ಯವಾಗುವ ಮನೆಗಳು ಸುಮಾರು 11 ಲಕ್ಷದಿಂದ 32 ಲಕ್ಷ ದಾಟಿದವು.

ಎರಡನೆಯದು, ಆಂಟೆನಾಕ್ಕೆ ಮರಳುವುದು. 2023ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಫೀನಿಕ್ಸ್ ಸನ್ಸ್ ಮತ್ತು ಯೂಟಾ ಜ್ಯಾಝ್, ಹಾಕಿಯ ವೇಗಸ್ ಗೋಲ್ಡನ್ ನೈಟ್ಸ್ ತಂಡಗಳು ಸ್ಥಳೀಯ ಉಚಿತ ವಾಹಿನಿಗಳ ಜೊತೆ ಒಪ್ಪಂದ ಮಾಡಿಕೊಂಡವು. ಹಣ ಕಡಿಮೆಯಾದರೂ ಪರವಾಗಿಲ್ಲ, ಅಭಿಮಾನಿಗಳು ಮರಳಿ ಬರಲಿ ಎಂಬುದು ಇದರ ಹಿಂದಿನ ಎಣಿಕೆ.

ಮೂರನೆಯದು, ನೇರ ಸ್ಟ್ರೀಮಿಂಗ್. ನೆಸನ್ 2022ರಲ್ಲಿ ಕೇಬಲ್ ಇಲ್ಲದವರಿಗೂ ತಿಂಗಳಿಗೆ 29.99 ಡಾಲರಿಗೆ ಬಾಗಿಲು ತೆರೆಯಿತು. ಡಲ್ಲಾಸ್ ಸ್ಟಾರ್ಸ್ ಹಾಕಿ ತಂಡ 2024ರಲ್ಲಿ ವಿಕ್ಟರಿ ಪ್ಲಸ್ ಎಂಬ ವೇದಿಕೆಯಲ್ಲಿ, ಜಾಹೀರಾತಿನ ಆದಾಯವನ್ನೇ ನಂಬಿ, ಪಂದ್ಯಗಳನ್ನು ಪುಕ್ಕಟೆಯಾಗಿ ಕೊಟ್ಟಿತು. ಮೇಜರ್ ಲೀಗ್ ಸಾಕರ್ 2023ರಿಂದ ಆಪಲ್ ಜೊತೆ ಸೇರಿ ಸ್ಥಳೀಯ ಹಕ್ಕು, ತಡೆ ಎರಡನ್ನೂ ಒಮ್ಮೆಲೇ ಅಳಿಸಿಹಾಕಿತು.

ಪರಿಣಾಮ

ಲಾಭನಷ್ಟ ಎಲ್ಲರಿಗೂ ಒಂದೇ ತೆರನಾಗಿಲ್ಲ. ಆಟ ನೋಡದ ಮನೆಯ ಖರ್ಚು ಇಳಿಯಿತು, ಅದು ನ್ಯಾಯವೂ ಹೌದು. ನೋಡುವ ಮನೆಗೆ ಮಾತ್ರ ಹೊರೆ ಹೆಚ್ಚಿತು. ಊರ ತಂಡಕ್ಕೊಂದು ಚಂದಾ, ರಾಷ್ಟ್ರೀಯ ಪಂದ್ಯಗಳಿಗೆ ಅಮೆಜಾನ್, ಆಪಲ್, ಪೀಕಾಕ್ ಎಂದು ಬೇರೆಬೇರೆ ಚಂದಾ. ಇಂದಿನ ಪಂದ್ಯ ಯಾವ ಆ್ಯಪ್‌ನಲ್ಲಿದೆಯೆಂದು ಹುಡುಕುವುದೇ ಹಿರಿಯ ವೀಕ್ಷಕರಿಗೆ ದೊಡ್ಡ ಕೆಲಸ. ಡಾಡ್ಜರ್ಸ್, ಯಾಂಕೀಸ್‌ನಂಥ ತಂಡಗಳ ಸ್ಥಳೀಯ ಆದಾಯ ಉಳಿದಿದೆ, ಚಿಕ್ಕ ಊರುಗಳ ತಂಡಗಳದ್ದು ಕರಗಿದೆ. ಇದರಿಂದ ಒಂದೇ ಲೀಗಿನೊಳಗೆ ಸಿರಿವಂತ ಮತ್ತು ಬಡ ತಂಡಗಳ ಅಂತರ ಹಿಗ್ಗುತ್ತಿದೆ.

ಬೇಸ್‌ಬಾಲ್ ಲೀಗಿನ ರಾಷ್ಟ್ರೀಯ ಪ್ರಸಾರ ಒಪ್ಪಂದಗಳು 2028ರ ಋತುವಿನೊಂದಿಗೆ ಮುಗಿಯುತ್ತವೆ. ಆಗ ಎಲ್ಲ ತಂಡಗಳ ಸ್ಥಳೀಯ ಹಕ್ಕುಗಳನ್ನೂ ಸೇರಿಸಿ ಒಟ್ಟಾಗಿ ಮಾರಬೇಕೆಂಬುದು ಲೀಗಿನ ಆಯುಕ್ತ ರಾಬ್ ಮ್ಯಾನ್‌ಫ್ರೆಡ್ ಅವರ ಅಪೇಕ್ಷೆ. ಅದು ಕೈಗೂಡಿದರೆ, ಎನ್‌ಎಫ್‌ಎಲ್ 1961ರ ಕಾಯ್ದೆಯ ನಂತರ ಹಿಡಿದ ದಾರಿಗೆ ಬೇಸ್‌ಬಾಲ್ ಕೂಡ ಬಂದು ಸೇರಿದಂತಾಗುತ್ತದೆ. ವರ್ಷಕ್ಕೆ 162 ಸಂಜೆ ಒಂದೇ ತಂಡದ ಜೊತೆ ಕೂರುವ ವಿವರಣೆಗಾರನಿಗೆ, ಸೋಲುತ್ತಿದ್ದರೂ ಟಿವಿ ಆರಿಸದ ಆ ಊರಿನ ಅಭಿಮಾನಿಗೆ ಹೊಸ ಏರ್ಪಾಡಿನಲ್ಲಿ ಜಾಗ ಸಿಕ್ಕರಷ್ಟೇ ಈ ಸ್ಥಿತ್ಯಂತರ ಸಾರ್ಥಕ.