ಕೀಲೆಣ್ಣೆಯ ಕಥೆ

ಎತ್ತಿನ ಗಾಡಿಯ ಅಚ್ಚಿಗೆ ಬಳಿಯುವ ಜಿಡ್ಡಿಗೆ ನಮ್ಮ ಜನ ಕೀಲೆಣ್ಣೆ ಎಂಬ ಹೆಸರಿಟ್ಟರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಅದನ್ನು ಸಿದ್ಧಪಡಿಸುತ್ತಿದ್ದುದುಂಟು. ಎಳ್ಳು, ಹುಚ್ಚೆಳ್ಳುಗಳ ಎಣ್ಣೆ ಮನೆಯಲ್ಲಿದ್ದರೂ ಅಚ್ಚಿಗೆ ಹರಳೆಣ್ಣೆಯೇ ಒಪ್ಪುತ್ತದೆಂಬುದು ಅನುಭವ ಕಲಿಸಿದ ಪಾಠ. ಅದು ಅಂಟಿಕೊಳ್ಳುತ್ತದೆ, ಬೇಗ ಜಾರಿಹೋಗದು. ಈ 'ಅಂಟಿಕೊಳ್ಳುವುದು' ಎಂಬ ಸಾದಾ ಮಾತಿನ ಅರ್ಥ ವಿಜ್ಞಾನಕ್ಕೆ ಹೊಳೆದದ್ದು ಬಹಳ ತಡವಾಗಿ.

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಯೂರೋಪಿನ ಯಂತ್ರಗಳೂ ಆಲಿವ್ ಎಣ್ಣೆ, ಸಾಸಿವೆಯ ಜಾತಿಯ ರೇಪ್ ಎಣ್ಣೆ, ತಿಮಿಂಗಿಲದ ಎಣ್ಣೆ, ಪ್ರಾಣಿಗಳ ಕೊಬ್ಬು ಇವನ್ನೇ ನಂಬಿದ್ದವು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಡ್ರೇಕ್ ಕೊರೆಯಿಸಿದ ಬಾವಿಯಲ್ಲಿ ಕಲ್ಲೆಣ್ಣೆ ದೊರೆತ ಮೇಲೆ ಗಾಳಿ ತಿರುಗಿತು. ಸಸ್ಯತೈಲ ಗಾಳಿಯ ಆಮ್ಲಜನಕವನ್ನು ಹೀರಿ ಕ್ರಮೇಣ ಅಂಟಾಗಿ ಗಟ್ಟಿಯಾಗುತ್ತದೆ. ಬಿಸಿ ಹಬೆಯಲ್ಲಿ ಅದು ಒಡೆದು ಹೊರಬರುವ ಆಮ್ಲ ಕಬ್ಬಿಣವನ್ನೇ ತಿನ್ನುತ್ತದೆ. ಖನಿಜ ತೈಲಕ್ಕೆ ಈ ದೋಷಗಳು ಕಡಿಮೆ, ಬೆಲೆಯೂ ಅಗ್ಗ. ಹಳೆಯ ಎಣ್ಣೆಗಳು ಹಿಂದೆ ಸರಿದವು.

1883ರಲ್ಲಿ ಇಂಗ್ಲೆಂಡಿನ ಬೀಚಂಪ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನಂಥ ಒಂದು ಬೇರಿಂಗನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಹಾಕಲೆಂದು ಮೇಲೆ ಕೊರೆದ ತೂತಿನಿಂದ ಎಣ್ಣೆಯೇ ಉಕ್ಕಿಬಂದಿತು. ಮರದ ಬೆಣೆ ಜಡಿದರೆ ಅದನ್ನೂ ಹೊರದೂಡಿತು! ತಿರುಗುವ ಅಚ್ಚು ಎಣ್ಣೆಯನ್ನು ಇಕ್ಕಟ್ಟಿನೊಳಕ್ಕೆ ಸೆಳೆದು ಒತ್ತಡ ಹುಟ್ಟಿಸುತ್ತದೆ, ಅಚ್ಚು ಆ ಪೊರೆಯ ಮೇಲೆ ತೇಲುತ್ತದೆ ಎಂದು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಣಿತದಿಂದ ತೋರಿಸಿಕೊಟ್ಟನು. ತೇಲುವಾಗ ಮುಖ್ಯವಾದುದು ಎಣ್ಣೆಯ ಸ್ನಿಗ್ಧತೆ ಮಾತ್ರ. ಅದು ಗಿಡದ್ದೋ ನೆಲದ್ದೋ ಎಂಬುದಲ್ಲ.

ಹಾಗಾದರೆ ಸಸ್ಯತೈಲದ ಕಥೆ ಮುಗಿಯಿತೆ? ಇಲ್ಲ. ಮೊದಲನೆಯ ಮಹಾಯುದ್ಧದ ವಿಮಾನಗಳು ಅದನ್ನು ಮತ್ತೆ ಕರೆಸಿಕೊಂಡವು. ಫ್ರಾನ್ಸಿನ ನೋಮ್ ಮಾದರಿಯ ಎಂಜಿನುಗಳಲ್ಲಿ ಸಿಲಿಂಡರುಗಳೇ ಗಾಳಿಪಂಕದೊಡನೆ ಸುತ್ತುತ್ತಿದ್ದವು. ಪೆಟ್ರೋಲಿನ ಆವಿ ಎಣ್ಣೆಯಿರುವ ಒಡಲಿನ ಮೂಲಕವೇ ಹಾಯಬೇಕಿತ್ತು. ಖನಿಜ ತೈಲ ಪೆಟ್ರೋಲಿನಲ್ಲಿ ಕರಗಿ ತೆಳುವಾಗುತ್ತಿತ್ತು. ಹರಳೆಣ್ಣೆ ಸುಲಭವಾಗಿ ಕರಗುತ್ತಿರಲಿಲ್ಲ. ಹೊಗೆಯೊಡನೆ ಸಿಡಿದ ಎಣ್ಣೆಯನ್ನು ನುಂಗಿದ ವೈಮಾನಿಕರ ಹೊಟ್ಟೆಯ ಪಾಡು ಏನಾಯಿತೆಂಬುದನ್ನು, ಬಾಲ್ಯದಲ್ಲಿ ಹರಳೆಣ್ಣೆ ಕುಡಿದವರಿಗೆ ವಿವರಿಸಬೇಕಿಲ್ಲ.

ಯುದ್ಧ ಮುಗಿದ ಮೇಲೆ ಕಾರಣ ಬೆಳಕಿಗೆ ಬಂದಿತು. ಯಂತ್ರ ಹೊರಡುವಾಗ, ನಿಲ್ಲುವಾಗ, ಭಾರ ಹೆಚ್ಚಿದಾಗ ತೇಲಿಸುವ ಪೊರೆ ಹರಿಯುತ್ತದೆ. ಲೋಹಕ್ಕೆ ಲೋಹ ತಾಗುತ್ತದೆ. ಸವೆತ ಹೆಚ್ಚಾಗಿ ಆಗುವುದು ಅಂಥ ಗಳಿಗೆಯಲ್ಲೇ. ಆಗ ಕಾಯುವುದು ಲೋಹದ ಮೈಗೆ ಅಂಟಿನಿಂತ, ಕಣ್ಣಿಗೆ ಕಾಣದಷ್ಟು ತೆಳುವಾದ ಪದರ. 1922ರಲ್ಲಿ ವಿಲಿಯಂ ಹಾರ್ಡಿ ಮತ್ತು ಐಡಾ ಡಬಲ್‌ಡೇ ಇಂಥ ಪದರಗಳನ್ನು ಪರೀಕ್ಷಿಸಿದರು. ಕೊಬ್ಬಿನಾಮ್ಲದ ಅಣುಗಳು ತಲೆಯನ್ನು ಲೋಹಕ್ಕೆ ಊರಿ, ಬಾಲವನ್ನು ಮೇಲೆತ್ತಿ, ಗದ್ದೆಯ ಪೈರಿನಂತೆ ಒತ್ತಾಗಿ ನಿಲ್ಲುತ್ತವೆ. ಬಾಲ ಉದ್ದವಾದಷ್ಟೂ ಘರ್ಷಣೆ ಕಡಿಮೆ. ಶುದ್ಧ ಖನಿಜ ತೈಲದ ಅಣುಗಳಿಗೆ ಹೀಗೆ ಹಿಡಿದುಕೊಳ್ಳುವ ತಲೆಯಿಲ್ಲ. ಹರಳೆಣ್ಣೆಯ ಆಮ್ಲಗಳಲ್ಲಿ ಸುಮಾರು ಶೇಕಡಾ 90ರಷ್ಟಿರುವ ರಿಸಿನೋಲಿಕ್ ಆಮ್ಲಕ್ಕಂತೂ ಹೈಡ್ರಾಕ್ಸಿಲ್ ಎಂಬ ಇನ್ನೊಂದು ಹಿಡಿಕೆಯೂ ಇದೆ. ಅದರ ದಪ್ಪನೆಯ ಸ್ವಭಾವಕ್ಕೂ ಪೆಟ್ರೋಲಿನಲ್ಲಿ ಬೆರೆಯದ ಹಟಕ್ಕೂ ಇದೇ ಮೂಲ. ಇದೇ ಕಾಲಕ್ಕೆ ವೆಲ್ಸ್ ಮತ್ತು ಸೌತ್‌ಕೂಂಬ್ ಎಂಬಿಬ್ಬರು ಖನಿಜ ತೈಲಕ್ಕೆ ಅತ್ಯಲ್ಪ ಪ್ರಮಾಣದ ಕೊಬ್ಬಿನಾಮ್ಲ ಬೆರೆಸಿದರೂ ಘರ್ಷಣೆ ತಗ್ಗುವುದೆಂದು ತೋರಿಸಿದರು. ಗೆದ್ದವನು ಸೋತವನಲ್ಲಿ ಸಾಲ ಬೇಡಿದಂತಾಯಿತು.

ಆದರೆ ಘರ್ಷಣೆ ತಗ್ಗಿದ ಮಾತ್ರಕ್ಕೆ ಎಣ್ಣೆ ಬಾಳಿಕೆಯದೆಂದು ಹೇಳಲಾಗದು. ಬೇಗ ಹಳಸುವ ಹಳೆಯ ದೋಷ ಸಸ್ಯತೈಲವನ್ನು ಬಿಟ್ಟುಹೋಗಿಲ್ಲ. ಅದನ್ನು ತಿದ್ದಲು ರಸಾಯನಜ್ಞರೂ ಸಸ್ಯತಳಿಗಾರರೂ ಇಂದಿಗೂ ದುಡಿಯುತ್ತಿದ್ದಾರೆ. ಕಾಡಿನ ಗರಗಸದಿಂದ ಮಣ್ಣಿಗೆ ತೊಟ್ಟಿಕ್ಕುವ ಎಣ್ಣೆ ಮಣ್ಣಿನಲ್ಲಿ ಬೇಗ ಕೊಳೆತು ಸೇರುವಂಥದಾಗಿರಬೇಕು ಎಂಬುದು ಈ ದುಡಿಮೆಯ ಹಿಂದಿನ ಒಂದು ಕಾಳಜಿ. ಇನ್ನೊಂದು ಕಾಳಜಿಯೂ ನಮಗಿರಬೇಕು: ಯಂತ್ರದ ಪಾಲಿಗಾಗಿ ಒಗ್ಗರಣೆಯ ಎಣ್ಣೆ ಕೊರತೆಯಾಗಬಾರದು. ಅಡುಗೆಗೆ ಒಲ್ಲದ ಹರಳೆಣ್ಣೆಗೆ ಈ ಜಗಳವೂ ಇಲ್ಲ. ಹರಳನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವ ದೇಶವೂ ನಮ್ಮದೇ. ಗಾಡಿಯವನು ಬಿದಿರ ಗೊಟ್ಟದಲ್ಲಿ ತುಂಬಿಟ್ಟುಕೊಂಡದ್ದು ಹಿಂದುಳಿದವನ ಜಿಡ್ಡಲ್ಲ, ಇನ್ನೂ ಪೂರ್ತಿ ಓದಿ ಮುಗಿಯದ ಒಂದು ಪಾಠ.