ಸುಣ್ಣ ಕಾರಣೆ

ಹೋಳಿಯ ಹುಣ್ಣಿಮೆ ಕಳೆದು ಚೈತ್ರದ ಪಾಡ್ಯಕ್ಕೆ ಇನ್ನೊಂದು ಪಕ್ಷವಷ್ಟೇ ಉಳಿಯಿತೆನ್ನುವಾಗ, ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮನೆಯೊಳಗಿನ ಸಾಮಾನುಗಳೆಲ್ಲ ಜಗುಲಿಗೂ ಅಂಗಳಕ್ಕೂ ಬಂದು ಬೀಳುತ್ತಿದ್ದುವು. ಅಟ್ಟದ ಮೇಲಿನ ಮಡಕೆ ಕುಡಿಕೆಗಳು ಕೆಳಗಿಳಿಯುತ್ತಿದ್ದುವು. ವರ್ಷವಿಡೀ ಒಲೆಯ ಹೊಗೆಯುಂಡು ಸೂರಿನ ಗಳುಗಳಿಂದ ಜೋಲುತ್ತಿದ್ದ ಇಲ್ಲಣವು ಉದ್ದನೆಯ ಕೋಲಿಗೆ ಕಟ್ಟಿದ ಪೊರಕೆಗೆ ಸಿಕ್ಕಿ ಉದುರುತ್ತಿದ್ದಿತು. ಯುಗಾದಿಯ ಸುಣ್ಣ ಕಾರಣೆಯೆಂದು ಹೆಸರಾದ ಈ ಕಾರ್ಯಕ್ಕೆ ಶಾಸ್ತ್ರದ ಆಧಾರವನ್ನು ಹುಡುಕಹೊರಟವನಿಗೆ ಹೆಚ್ಚಿನದೇನೂ ದೊರೆಯದು. ಧರ್ಮಗ್ರಂಥಗಳು ಆ ದಿನಕ್ಕೆ ವಿಧಿಸುವುದು ತೈಲಾಭ್ಯಂಗ, ನಿಂಬಪತ್ರ ಭಕ್ಷಣ, ಪಂಚಾಂಗ ಶ್ರವಣ ಮೊದಲಾದವುಗಳನ್ನು. ಗೋಡೆಯ ವಿಚಾರದಲ್ಲಿ ಮುಹೂರ್ತವಿಟ್ಟವನು ಪುರೋಹಿತನಲ್ಲ, ಬೇಸಾಯಗಾರ. ಸುಗ್ಗಿ ಮುಗಿದು ಕಣ ಬರಿದಾಗಿ, ಕಾಳು ಕಣಜವನ್ನೋ ಹಗೇವನ್ನೋ ಸೇರಿ, ಮುಂಗಾರಿನ ಉಳುಮೆಗೆ ಇನ್ನೂ ಕಾಲವಿದ್ದು, ಹೋದ ಮಳೆಗಾಲದಲ್ಲಿ ನೆನೆದ ಮಣ್ಣಿನ ಗೋಡೆ ಒಳಗಿನವರೆಗೂ ಒಣಗಿ ನಿಂತಿರುವ ಕಾಲ ವರ್ಷದಲ್ಲಿ ಇದೊಂದೇ. ಬಿರುಕುಗಳನ್ನು ಮೆತ್ತುವುದಕ್ಕೆ, ಇಲಿಯ ಬಿಲಗಳನ್ನು ಮುಚ್ಚುವುದಕ್ಕೆ, ಮುಂದಿನ ಮಳೆಯೊಳಗಾಗಿ ಗೋಡೆಗೆ ಹೊಸದೊಂದು ಹೊದಿಕೆಯನ್ನು ಕೊಡುವುದಕ್ಕೆ ಈ ಹದಿನೈದು ದಿನಗಳನ್ನು ಬಿಟ್ಟರೆ ಬೇರೆ ಬಿಡುವಿಲ್ಲ. ಹಬ್ಬದ ಸಡಗರವೆಂದು ನಾವು ಕೊಂಡಾಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ದುರಸ್ತಿಯ ಕೆಲಸವೇ ಆಗಿದ್ದಿತೆಂದರೆ ಹಬ್ಬಕ್ಕೆ ಕುಂದೇನೂ ಬಾರದು.

ಸುಣ್ಣದ ಹಿಂದೆ ಒಂದು ಕಸುಬೇ ಇದ್ದಿತು. ಬಯಲುಸೀಮೆಯಲ್ಲಿ ಹೊಲಗಳಲ್ಲಿಯೂ ಹಳ್ಳದ ದಂಡೆಗಳಲ್ಲಿಯೂ ದೊರೆಯುವ ಸುಣ್ಣದ ಹರಳನ್ನು ಆಯ್ದು ತಂದು, ಸೌದೆಯೊಡನೆ ಪದರ ಪದರವಾಗಿ ಗೂಡಿನಲ್ಲಿ ಒಟ್ಟಿ, ಹಗಲಿರುಳು ಬೆಂಕಿ ಕಾದು ಸುಡುತ್ತಿದ್ದ ಸುಣ್ಣಗಾರರು, ಸುಟ್ಟ ಕಲ್ಲನ್ನು ಗಾಡಿಯ ಮೇಲೆಯೋ ಕತ್ತೆಯ ಬೆನ್ನ ಮೇಲೆಯೋ ಹೇರಿಕೊಂಡು ಸಂತೆಗೆ ತರುತ್ತಿದ್ದರು. ಕರಾವಳಿಯಲ್ಲಿ ಕಲ್ಲಿನ ಸ್ಥಾನವನ್ನು ಚಿಪ್ಪು ವಹಿಸಿದ್ದಿತು. ಅಘನಾಶಿನಿಯಂತಹ ನದಿಗಳ ಅಳಿವೆಗಳಲ್ಲಿ ರಾಶಿ ರಾಶಿಯಾಗಿ ಸಿಕ್ಕುವ ಚಿಪ್ಪನ್ನು ಸುಟ್ಟು ಪಡೆದ ಸುಣ್ಣವು ಕಲ್ಲುಸುಣ್ಣಕ್ಕಿಂತ ನಯವೆಂದೂ ಬಿಳುಪೆಂದೂ ಖ್ಯಾತಿಯನ್ನು ಗಳಿಸಿದ್ದಿತು. ಕಲ್ಲಾಗಲಿ ಚಿಪ್ಪಾಗಲಿ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದಾಗ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ನೀರು ಸೋಕಿದಾಗ ಅದು ಅರಳುತ್ತದೆ. ಗೋಡೆಯ ಮೇಲೆ ಹರಡಿದಾಗ, ಕಳೆದುಕೊಂಡ ಅದೇ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿ ಮತ್ತೆ ಕಲ್ಲಾಗುತ್ತದೆ. ಈ ರಸಾಯನದ ಹೆಸರು ತಿಳಿಯದವರು ಅದರ ಹದವನ್ನು ಮಾತ್ರ ಚೆನ್ನಾಗಿ ಬಲ್ಲವರಾಗಿದ್ದರು.

ಹಿತ್ತಿಲಲ್ಲಿ ಹಳೆಯ ಹಂಡೆಯನ್ನೋ ಬಾನಿಯನ್ನೋ ಇಟ್ಟು ಸುಣ್ಣದ ಗಟ್ಟಿಗಳನ್ನು ಅದರಲ್ಲಿ ಹಾಕಿ ನೀರು ಹೊಯ್ದರೆ, ಗಟ್ಟಿಗಳು ಮೊದಲು ಸುಮ್ಮನಿದ್ದು, ಅನಂತರ ಬಿರಿದು, ಬುಸುಗುಟ್ಟಿ, ಒಲೆಯಿಲ್ಲದೆಯೇ ಕೊತಕೊತನೆ ಕುದಿಯತೊಡಗುತ್ತಿದ್ದುವು. ಕಣ್ಣಿಗೆ ಸಿಡಿದೀತೆಂದು ಹಿರಿಯರು ಮಕ್ಕಳನ್ನು ದೂರ ಅಟ್ಟುತ್ತಿದ್ದರು. ಒಂದೆರಡು ದಿನ ನೆನೆದು ತಣಿದ ಸುಣ್ಣವನ್ನು ಹಳೆಯ ಬಟ್ಟೆಯಲ್ಲಿ ಸೋಸಿ, ಕೈಗೆ ಹತ್ತದಿರಲೆಂದು ಗಂಜಿಯನ್ನೋ ಗೋಂದನ್ನೋ ಬೆರೆಸಿ, ಹಳದಿಯ ಛಾಯೆ ಅಡಗಲೆಂದು ಚಿಟಿಕೆ ನೀಲಿಯನ್ನು ಕದಡುವುದು ವಾಡಿಕೆ. ಕುಂಚಕ್ಕೆ ಪೇಟೆಯ ಹಂಗಿರಲಿಲ್ಲ. ಕತ್ತಾಳೆಯ ನಾರನ್ನು ಕಟ್ಟಿದರೆ ಅದೇ ಕುಂಚ. ಬಳಿದ ಕೂಡಲೆ ಗೋಡೆ ಮೊದಲಿಗಿಂತಲೂ ಮಾಸಲಾಗಿ, ಬರಿಯ ನೀರು ಎರಚಿದಂತೆ ಕಾಣುವುದು. ಅನುಭವವಿಲ್ಲದವನು ಸುಣ್ಣ ತೆಳುವಾಯಿತೆಂದು ಬಗೆದು ಗಟ್ಟಿಯಾಗಿ ಮೆತ್ತಿದನೋ, ಅದು ಒಣಗಿ ಹಕ್ಕಳೆಯೆದ್ದು ಹಬ್ಬದೊಳಗೇ ಉದುರುವುದು. ತೆಳುವಾಗಿ ಒಮ್ಮೆ ಅಡ್ಡಲಾಗಿ, ಒಮ್ಮೆ ಉದ್ದಲಾಗಿ ಬಳಿದು ಕಾಯುವ ತಾಳ್ಮೆ ಇದ್ದವನ ಗೋಡೆಯೇ ಮರುದಿನ ಬೆಳ್ಳಗೆ ಬೆಳಗುವುದು. ಸಂಜೆಯ ಹೊತ್ತಿಗೆ ಬಳಿದವರ ಬೆರಳ ಸಂದುಗಳು ಸುಣ್ಣ ತಿಂದು ಉರಿಯುತ್ತಿದ್ದುವು; ಅದಕ್ಕೆ ಎಣ್ಣೆಯೇ ಔಷಧ.

ಗೋಡೆಯ ಮೇಲ್ಭಾಗ ಬೆಳ್ಳಗಾದ ಬಳಿಕ, ಬುಡದಲ್ಲಿ ಕೆಮ್ಮಣ್ಣಿನ ಪಟ್ಟೆಯನ್ನೆಳೆಯುವುದು, ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುವುದು, ನೆಲಕ್ಕೆ ಸಗಣಿ ಸಾರಿಸುವುದು, ಇವೆಲ್ಲ ಪ್ರಾಯಶಃ ಹೆಂಗಸರ ಪಾಲಿಗೆ ಬಂದ ಕೆಲಸಗಳು. ದಕ್ಷಿಣ ಕನ್ನಡದ ಮನೆಗಳಲ್ಲಿ ಅಡಿಕೆಯ ಹಾಳೆಯ ತುಂಡಿನಿಂದ, ಸಗಣಿಗೆ ಮಸಿಯನ್ನು ಕಲಸಿ, ಅಂಗಳವನ್ನು ಅರ್ಧಚಂದ್ರಾಕೃತಿಯ ಅಲೆಗಳಲ್ಲಿ ಸಾರಿಸುವ ನೈಪುಣ್ಯವನ್ನು ಕಂಡವರು ಅದನ್ನು ಬರಿಯ ಶುಚಿತ್ವವೆಂದು ಹೇಳಲಾರರು. ಆ ಮಸಿಗೆ ಮುಂದೆ ಹಳೆಯ ಬ್ಯಾಟರಿ ಸೆಲ್ಲುಗಳ ಕರಿಪುಡಿಯೂ ಒದಗಿಬಂದುದು ಇಪ್ಪತ್ತನೆಯ ಶತಮಾನದ ಒಂದು ವಿನೋದ. ಮಲೆನಾಡಿನ ಸಾಗರ, ಸೊರಬ, ಸಿದ್ದಾಪುರಗಳ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ, ಪುಂಡಿನಾರಿನ ಕುಂಚದಿಂದ ಮದುವೆಯ ಹಸೆಯನ್ನು ಬರೆಯುತ್ತಾ ಬಂದಿದ್ದಾರೆ. ಕುಮಟೆ, ಹೊನ್ನಾವರಗಳ ಸುತ್ತಿನ ಗುಡಿಗಳಲ್ಲಿಯೂ ಹಳೆಯ ಮನೆಗಳಲ್ಲಿಯೂ ಇರುವ ಕಾವಿ ಕಲೆಯಾದರೋ ಚಿಪ್ಪುಸುಣ್ಣದ ಗಾರೆಯ ಮೇಲೆ ಕೆಂಪು ಲೇಪವಿತ್ತು, ಹಸಿಯಿರುವಾಗಲೇ ಮೊನೆಯಿಂದ ಕೆರೆದು, ಅಡಿಯ ಬಿಳುಪನ್ನು ಚಿತ್ರವಾಗಿ ಹೊರಗೆಳೆಯುವಂತಹುದು.

ಬಡವನ ಗೋಡೆಗೂ ಅರಸನ ಗೋಡೆಗೂ ಸುಣ್ಣವೇ ಆಧಾರವಾಗಿದ್ದುದಕ್ಕೆ ಹಳೆಯ ಸಾಕ್ಷ್ಯವುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ, ಚಿತ್ರಕ್ಕೆ ಗೋಡೆಯನ್ನು ಅಣಿಗೊಳಿಸುವ ಕ್ರಮವು ವಿಸ್ತಾರವಾಗಿ ಬಂದಿದೆ: ಸುಣ್ಣದಿಂದ ಭಿತ್ತಿಯನ್ನು ನುಣುಪುಗೊಳಿಸಬೇಕು, ಎಮ್ಮೆಯ ಚರ್ಮವನ್ನು ಕುದಿಸಿ ಪಡೆದ ವಜ್ರಲೇಪವನ್ನು ಬಿಳಿಯ ಮಣ್ಣಿನೊಡನೆ ಬೆರೆಸಿ ಪದರ ಪದರವಾಗಿ ಹಚ್ಚಬೇಕು, ಆಮೇಲೆ ಚಿತ್ರ. ಆದರೆ ಚಿತ್ರಕ್ಕೆ ನೆಲೆ ಕೊಟ್ಟ ಸುಣ್ಣವೇ ಚಿತ್ರಕ್ಕೆ ಮೃತ್ಯುವೂ ಆಯಿತೆಂಬುದನ್ನು ಮರೆಮಾಚಬಾರದು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಮಹಲಿನ ಪಶ್ಚಿಮದ ಗೋಡೆಯ ಮೇಲೆ, 1780ರ ಪೊಳ್ಳಿಲೂರಿನ ಕದನದಲ್ಲಿ ಹೈದರ್, ಟಿಪ್ಪೂ ಇಂಗ್ಲಿಷರನ್ನು ಸೋಲಿಸಿದ ದೃಶ್ಯವು ವಿಜೃಂಭಣೆಯಿಂದ ಬರೆಯಲ್ಪಟ್ಟಿದ್ದಿತು. ಇಂಗ್ಲಿಷರು ಪಟ್ಟಣಕ್ಕೆ ಹಾಕಿದ ಮುತ್ತಿಗೆಗೆ ಮುಂಚೆ ಕೆಡಿಸಲ್ಪಟ್ಟ ಅದನ್ನು, ಅನಂತರ ಆ ಮಹಲಿನಲ್ಲಿ ವಾಸಿಸಿದ ಇಂಗ್ಲಿಷ್ ಸೇನೆಯ ಕರ್ನಲ್ ವೆಲ್ಲೆಸ್ಲಿ ಸರಿಪಡಿಸಿದನು. ಅನಂತರ ಯಾರೋ ಅದರ ಮೇಲೆ ಸುಣ್ಣ ಬಳಿದುಬಿಟ್ಟರು. ಬಹುತೇಕ ಅಳಿಸಿಹೋಗಿದ್ದುದನ್ನು, ಮೈಸೂರಿಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿಯು ಮೂಲವನ್ನು ಕಂಡು ನೆನಪಿಟ್ಟುಕೊಂಡಿದ್ದ ಚಿತ್ರಗಾರನೊಬ್ಬನಿಂದ ಮತ್ತೆ ಬರೆಯಿಸಿದನು. ಸೋತವರ ದೊರೆತನದವರು ತಮ್ಮ ಸೋಲಿನ ಚಿತ್ರವನ್ನು ಎರಡು ಸಲ ಉಳಿಸಿದುದು, ನಡುವೆ ಅದನ್ನು ಅಳಿಸಿದುದು ಒಂದು ಸುಣ್ಣದ ಕುಂಚ! ದೇವಾಲಯಗಳಲ್ಲಿಯೂ ಭಕ್ತಿಯಿಂದ ಬಳಿದ ಸುಣ್ಣದ ಅಡಿಯಲ್ಲಿ ಎಷ್ಟೋ ಶಾಸನಗಳು ಹುದುಗಿದ್ದು, ಶಾಸನ ಶೋಧಕರು ಓದುವ ಮೊದಲು ಕೆರೆಯಬೇಕಾಗಿ ಬಂದಿತು.

ಪದ್ಧತಿಯಾಗಿದ್ದ ಸುಣ್ಣವು ಸರ್ಕಾರದ ಆಜ್ಞೆಯೂ ಆದದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಆ ಮಾರಿ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಾಗ, ಜನ ಮನೆಗಳಿಗೆ ಬೀಗ ಹಾಕಿ ಬಯಲಿನಲ್ಲಿ ಗುಡಿಸಲುಗಳನ್ನು ಹೂಡಿದರು. ಸೋಂಕು ತಗುಲಿದ ಮನೆಗಳನ್ನು ತೊಳೆದು, ಸುಣ್ಣ ಹೊಡೆದು, ಗಾಳಿ ಬೆಳಕು ಬಿಡುವುದು ಆ ಕಾಲದ ಅಧಿಕಾರಿಗಳ ಮುಖ್ಯ ಉಪಾಯಗಳಲ್ಲೊಂದಾಗಿದ್ದಿತು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ತೋರಿಸಿದನಾದರೂ ವಿದ್ವಾಂಸರು ಅದನ್ನೊಪ್ಪಲು ಎಷ್ಟೋ ವರ್ಷಗಳು ಹಿಡಿದುವು. ಹಾಗೆ ನೋಡಿದರೆ, ಯುಗಾದಿಗೆ ಮುಂಚೆ ಇಲಿಯ ಬಿಲಕ್ಕೆ ಮಣ್ಣು ಮೆತ್ತುತ್ತಿದ್ದ ಮುದುಕಿಯ ಕೆಲಸ, ಗೋಡೆಗೆ ಸುಣ್ಣ ಎರಚಿಸುತ್ತಿದ್ದ ಅಧಿಕಾರಿಯ ಕೆಲಸಕ್ಕಿಂತ ರೋಗದ ಮೂಲಕ್ಕೆ ಸಮೀಪವಾಗಿದ್ದಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ಬೀದಿಗಳೊಡನೆಯೂ ಮನೆಗಳ ಹಿಂದಣ ಗಲ್ಲಿಗಳೊಡನೆಯೂ ಬೆಳೆದುದಕ್ಕೆ ಆ ಭೀತಿಯೂ ಒಂದು ಕಾರಣ.

ಆ ಬಡಾವಣೆಗಳ ಮನೆಗಳಿಗೂ ಬಹುಕಾಲ ಸುಣ್ಣವೇ ಗತಿಯಾಗಿದ್ದಿತು. ಅನಂತರ ಸಿಮೆಂಟು ಬಂದಿತು, ಡಿಸ್ಟೆಂಪರ್ ಬಂದಿತು, ಹತ್ತು ವರ್ಷ ಮಾಸದೆಂದು ಹೊಗಳಿಸಿಕೊಳ್ಳುವ ಬಣ್ಣಗಳು ಬಂದುವು. ಸುಣ್ಣದ ಮೇಲಿದ್ದ ದೂರೇ ಅದು ಬಾಳದು, ಮೈಗೆ ಹತ್ತುತ್ತದೆ, ಮಳೆಗೆ ಕರಗುತ್ತದೆ ಎಂಬುದು. ನನಗಾದರೋ ಆ ಅಲ್ಪಾಯುಷ್ಯವೇ ಅದರ ದೊಡ್ಡ ಗುಣವಾಗಿ ತೋರುತ್ತದೆ; ಬಾಳದ ಬಣ್ಣವು ಮನೆಯವರನ್ನು ವರ್ಷಕ್ಕೊಮ್ಮೆ ಪ್ರತಿಯೊಂದು ಗೋಡೆಯ ಮುಂದೆಯೂ ನಿಲ್ಲಿಸುತ್ತಿದ್ದಿತು, ಪೆಟ್ಟಿಗೆಗಳನ್ನು ಸರಿಸಿ ಗೆದ್ದಲು ಹತ್ತಿದ ಮೂಲೆಯನ್ನು ಕಾಣಿಸುತ್ತಿದ್ದಿತು, ಸೋರಿದ ಹೆಂಚಿನ ಗುರುತನ್ನು ತೋರಿಸುತ್ತಿದ್ದಿತು. ಮಾಸದ ಬಣ್ಣದ ಹಿಂದೆ ಗೋಡೆ ಹೇಗಿದೆಯೆಂದು ಹತ್ತು ವರ್ಷ ನೋಡುವವರೇ ಇಲ್ಲ. ಹಳೆಯ ಗಾರೆಯ ಗೋಡೆಗಂತೂ ಈ ಮುಚ್ಚುಬಣ್ಣ ಹಿತವಲ್ಲ. ಒಳಗಿನ ತೇವ ಹೊರಬರಲಾರದೆ ಗಾರೆ ಪುಡಿಯಾಗುತ್ತದೆ. ಆದುದರಿಂದಲೇ ಪುರಾತನ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಕೈಹಾಕಿದ ಇಂಜಿನಿಯರರು ಈಗ ಸಿಮೆಂಟನ್ನು ಕೆರೆಸಿ, ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿಸಿ, ಅದರ ಹದ ಬಲ್ಲ ಗಾರೆಯವರನ್ನು ಊರೂರುಗಳಲ್ಲಿ ಹುಡುಕಿಸುತ್ತಿದ್ದಾರೆ. ಗೂಡುಗಳು ಆರಿಹೋದ ಊರುಗಳಲ್ಲಿ ಒಳ್ಳೆಯ ಸುಟ್ಟ ಸುಣ್ಣಕ್ಕೆ ಅವರು ಈಗ ದೂರದಿಂದಲೇ ಲಾರಿ ತರಿಸಬೇಕಾಗಿದೆ.